ಮೂರನೇ ಗೇರ್

ದಿಣ್ಣೆಯ ನಡುಮಧ್ಯೆ ಪಿಕಪ್ ಏದುಸಿರು ಬಿಟ್ಟಿತು. ಹಿಂದೆ ಹಗ್ಗ ಬಿಗಿದಿದ್ದ ನಾಲ್ಕು ಕಬ್ಬಿಣದ ಬೀರುಗಳು ಗಡಗಡ ಎಂದವು. ಗಾಡಿ ಓಡಿಸುತ್ತಿದ್ದ ಅವಳ ಕೈ ಎರಡನೇ ಗೇರಿನಿಂದ ನೇರ ನಾಲ್ಕಕ್ಕೆ ಹಾರಿಬಿಟ್ಟಿತ್ತು.

“ಅಕ್ಕಾ, ಮೂರು! ಮೂರು ಮರೆತ್ರಾ?” ಪಕ್ಕದಲ್ಲಿ ಕೂತಿದ್ದ ಮೆಕ್ಯಾನಿಕ್ ಕೂಗಿದ.

“ಅಯ್ಯೋ, ಅದೊಂದಿದೆ ಅನ್ನೋದೇ ನೆನಪಿಲ್ಲ ಕಣೋ!”

ನೆನಪಿರುವುದಾದರೂ ಹೇಗೆ? ಮೂರನೇ ಗೇರ್ ಹೋಗಿ ಆರು ವರ್ಷವಾಗಿತ್ತು. ಕಂಪನಿ ಈ ಮಾಡೆಲ್ಲನ್ನೇ ನಿಲ್ಲಿಸಿದ ಮೇಲೆ ಸ್ಪೇರ್ ಪಾರ್ಟೂ ಬರುತ್ತಿರಲಿಲ್ಲ. ಎರಡರಿಂದ ನಾಲ್ಕಕ್ಕೆ ಹಾರಿ ಹಾರಿಯೇ ಅವಳು ಊರೆಲ್ಲ ಸಾಮಾನು ಸಾಗಿಸಿದ್ದಳು. ಈಗ ದಿಣ್ಣೆಯ ಮೇಲೆ ಹೊಸ ಬಡಾವಣೆ ಎದ್ದಿತ್ತು. ಆ ಉದ್ದನೆಯ ಏರನ್ನು ಎರಡರಲ್ಲೇ ಹತ್ತಿಸಿದರೆ ಎಂಜಿನ್ ಕಾದುಹೋಗುತ್ತಿತ್ತು, ನಾಲ್ಕಕ್ಕೆ ಹಾಕಿದರೆ ಗಾಡಿ ನಿಂತೇಬಿಡುತ್ತಿತ್ತು. ಇವತ್ತೂ ಗಾಡಿ ಹತ್ತದಿದ್ದರೆ ನಾಳೆಯಿಂದ ಬೇರೆಯವರನ್ನು ಕರೆಯುತ್ತೇವೆ ಎಂದು ಬೀರು ಅಂಗಡಿಯವರು ಹೇಳಿಬಿಟ್ಟಿದ್ದರು. ಮೆಕ್ಯಾನಿಕ್ ಮೂರು ತಿಂಗಳು ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಇದೇ ಮಾಡೆಲ್ಲಿನ ಸತ್ತ ಗಾಡಿಯೊಂದರಿಂದ ಆ ಗೇರ್ ಬಿಚ್ಚಿ ತಂದು ನಿನ್ನೆಯಷ್ಟೇ ಕೂರಿಸಿದ್ದ.

“ಗಾಡಿ ರಿಪೇರಿ ನಾನು ಮಾಡ್ದೆ. ನಿಮ್ಮ ಕೈ ರಿಪೇರಿ ಯಾರು ಮಾಡ್ತಾರೆ?”

“ಬಾಯ್ಮುಚ್ಕೊಂಡು ಕೂತ್ಕೋ!”

ಅವಳು ಎರಡಕ್ಕೆ ಇಳಿಸಿ, ಗಾಡಿಗೆ ವೇಗ ಬಂದ ಮೇಲೆ ಗೇರ್ ರಾಡನ್ನು ಮೂರಕ್ಕೆ ತಳ್ಳಿದಳು. ಟಕ್ ಎಂದು ಕೂತಿತು. ಪಿಕಪ್ ಗೊಣಗಾಟ ಬಿಟ್ಟು ಒಂದೇ ಸಮನೆ ಹತ್ತತೊಡಗಿತು.

ದಿಣ್ಣೆ ಮುಗಿದು ಸಮತಟ್ಟಾದ ರಸ್ತೆ ಬಂತು.

“ಈಗ ನಾಲ್ಕಕ್ಕೆ ಹಾಕಿ ಅಕ್ಕಾ.”

“ಇರೋ, ಆರು ವರ್ಷ ಆದ್ಮೇಲೆ ಸಿಕ್ಕಿದೆ,” ಎಂದಳು ಅವಳು, ರಾಡಿನ ಮೇಲಿಂದ ಕೈ ತೆಗೆಯದೆ. “ಬೀರು ಇಳಿಸೋ ಮನೆ ತನಕ ಇದ್ರಲ್ಲೇ ಹೋಗ್ತೀನಿ.”