ಟಣ್ ಎಂದ ಗೇರು

ಆಣೆ ಮಾಡಿ ಹೇಳಬಹುದಾದ ಸಂಗತಿ ಇದು: ಬಿಳಿಕೆರೆಯ ಲೇತ್ ಅಂಗಡಿಯಲ್ಲಿ ಜವರಯ್ಯ ಸುತ್ತಿಗೆ ಎತ್ತಿದಾಗ ಎಲ್ಲರೂ ಕೆಲಸ ನಿಲ್ಲಿಸಿ ನೋಡಿದರು. ಅವನ ಆಲೆಮನೆಯ ಕಬ್ಬಿನ ಗಾಣದಲ್ಲಿ ಈ ಹಂಗಾಮಿಗೆ ಮೂರು ಗೇರು ಚಕ್ರಗಳು ಹಲ್ಲು ಉದುರಿಸಿಕೊಂಡಿದ್ದವು. ಮೂರೂ ಕಬ್ಬಿಣ ಕರಗಿಸಿ ಅಚ್ಚಿಗೆ ಹುಯ್ದ ಮಾಲು. ಕಡಿದ ಕಬ್ಬು ಎರಡು ದಿನದಿಂದ ಅಂಗಳದಲ್ಲಿ ಒಣಗುತ್ತಿತ್ತು. ಜವರಯ್ಯನೂ ಅಷ್ಟೇ ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಈ ನಾಲ್ಕನೆಯದನ್ನು ಪೇಟೆಯ ವ್ಯಾಪಾರಿ, ಕಾಯಿಸಿ ಬಡಿದ ಉಕ್ಕಿನದು ಎಂದು ಹೇಳಿ ಅಗ್ಗಕ್ಕೆ ಕೊಟ್ಟಿದ್ದ.

"ಬಡ್ದಿರೋ ಉಕ್ಕಾದ್ರೆ ಟಣ್ ಅಂತದೆ, ಹುಯ್ದಿದ್ದಾದ್ರೆ ದಬ್ ಅಂತದೆ. ನೀವೇ ಹೊಡ್ದು ನೋಡ್ರಿ," ಎಂದ ಅಂಗಡಿಯ ರುದ್ರಸ್ವಾಮಿ.

ಜವರಯ್ಯ ಹೊಡೆದ. ಟಣ್ ಎಂದು ನಾದ ಹೊಮ್ಮಿತು. ಬಾಡಿದ ಮುಖ ಅರಳಿತು. "ಕೇಳುದ್ರಾ? ಸಂಜೆವೊತ್ಗೆ ಹೊಸಾ ಗೇರು ಕಡ್ದು ಕೊಡೋಕೆ ನೀವು ಇದ್ರ ಮೂರರಷ್ಟು ದುಡ್ಡು ಕೇಳ್ತೀರ ಕಣ್ರೀ." ಮತ್ತೆ ಹೊಡೆದ. ಟಣ್. ಮೂರನೆಯ ಸಲ ದಣಿದ ತೋಳು ಮಾತು ಕೇಳಲಿಲ್ಲ. ಸುತ್ತಿಗೆ ಗಾಳಿಯಲ್ಲೇ ನಿಂತುಹೋಯಿತು. ಗೇರು ಮಾತ್ರ ಟಣ್ ಎಂದಿತು.

ಜವರಯ್ಯ ನಿಧಾನವಾಗಿ ಹಿಂದಕ್ಕೆ ತಿರುಗಿದ. ಊರೆಲ್ಲರ ದನಿ ಅನುಕರಿಸುವ ವೆಲ್ಡರ್ ಯತೀಶ, ತುಟಿ ದುಂಡಗೆ ಮಾಡಿಕೊಂಡೇ ಸಿಕ್ಕಿಬಿದ್ದಿದ್ದ. "ನೀ ಬಾಯಿ ಮುಚ್ಕೊಂಡಿರ್ಲಾ," ಎಂದು ಜವರಯ್ಯ ಗೇರಿಗೆ ಬಲವಾಗಿ ಒಂದು ಕೊಟ್ಟ.

ದಬ್.

"ಬಡ್ದಿರೋ ಉಕ್ಕಲ್ಲೇ ಕಡೀರಿ ಸ್ವಾಮಿ, ಮೂರರಷ್ಟೇ ಆಗ್ಲಿ ಬುಡಿ," ಎಂದವನು ಎಣ್ಣೆ ಮೆತ್ತಿದ ಬೆಂಚಿನ ಮೇಲೆ ಕುಸಿದು ಕೂತ. ಆಮೇಲೆ ಶುರುವಾದ ಅವನ ನಗುವಿನ ಮುಂದೆ ಉಳಿದವರ ನಗು ಯಾರಿಗೂ ಕೇಳಿಸಲಿಲ್ಲ.