ಅಪ್ಪನ ಕೋಲಿನ ಸದ್ದು

ಆ ವರ್ಷ ಶಿವಮೂರ್ತಿಗೆ ಮೂರು ದೊಡ್ಡ ಖರ್ಚು. ಅಪ್ಪ ಪುಟ್ಟಮಾದಯ್ಯನ ತಿಥಿಗೆ ಅರವತ್ತು ಸಾವಿರ. ಬಾಳೆತೋಟ ಕಾಯುತ್ತಿದ್ದ ಅಪ್ಪ ಇಲ್ಲವಾದ ಮೇಲೆ ಅದರ ಸುತ್ತ ಸೋಲಾರ್ ಬೇಲಿಗೆ ನಲವತ್ತೆರಡು ಸಾವಿರ. ಈಗ ಹಾಡಿನ ಸೆಟ್ಟಿಗೆ ಹೊಸ ಪವರ್ ಸಪ್ಲೈ ಪೆಟ್ಟಿಗೆ, ಹದಿನೆಂಟೂವರೆ ಸಾವಿರ.

ಮೂರನೆಯದಕ್ಕೆ ಅವಸರ ಮಾಡಿದವಳು ಹೆಂಡತಿ ಭಾನು.

“ಆ ಸದ್ದು ನಿಲ್ಲೋದಾದ್ರೆ ನನ್ನ ಓಲೆನೂ ತಕ್ಕೊಳಿ,” ಎಂದಿದ್ದಳು.

ಸದ್ದು ಶುರುವಾದದ್ದು ತಿಥಿ ಕಳೆದ ಮರುತಿಂಗಳು. ಭೀಮನಬೀಡಿನ ಆ ಮನೆಯಲ್ಲಿ ಸಂಜೆಯಾದರೆ ಅಪ್ಪನ ಹಾಡು. ಅವನು ಬದುಕಿದ್ದಾಗ ಶಿವಮೂರ್ತಿಯೇ ರೆಕಾರ್ಡ್ ಮಾಡಿಟ್ಟಿದ್ದ ಪದಗಳು. ಎದೆಯೆತ್ತರದ ಎರಡು ಸ್ಪೀಕರಿನಲ್ಲಿ ಕೇಳಿದರೆ ಅಪ್ಪ ಗೋಡೆಗೊರಗಿ ಕೂತೇ ಹಾಡಿದ ಹಾಗಿರುತ್ತಿತ್ತು. ಒಂದು ಸಂಜೆ ಆ ದನಿಯ ಹಿಂದಿನಿಂದ ಬಂತು: ತಕ್. ಒಂದು ಉಸಿರೆಳೆಯುವಷ್ಟು ಬಿಟ್ಟು ಮತ್ತೆ ತಕ್. ಕಬ್ಬಿಣದ ಬಳೆ ಹಾಕಿದ ಕೋಲು ಊರುತ್ತ ಅಪ್ಪ ಬದುವಿನ ಕಲ್ಲುಗಳ ಮೇಲೆ ನಡೆಯುತ್ತಿದ್ದುದು ಸರಿಯಾಗಿ ಅದೇ ಲೆಕ್ಕದಲ್ಲಿ.

ಹಗಲು ಹಾಕಿದರೆ ಸದ್ದಿಲ್ಲ. ಸಂಜೆ ಅವ್ವ ಸಣ್ಣಮ್ಮ ತೋಟದ ಪಂಪ್‌ಮನೆ ಬಾಗಿಲು ಹಾಕಿಕೊಂಡು ಬಂದು ಕೂರಬೇಕು, ಆಮೇಲೆ ಶುರು. ಇದನ್ನು ಮೊದಲು ಗಮನಿಸಿದವಳು ಭಾನು.

“ಅತ್ತೆ ತೋಟದಿಂದ ಜೊತೇಲಿ ಕರ್ಕೊಂಡು ಬರ್ತಾರೆ ಕಣ್ರೀ.”

ಸಣ್ಣಮ್ಮನಿಗೆ ಹೆದರಿಕೆಯೇ ಇಲ್ಲ. ಸದ್ದು ಕೇಳಿದೊಡನೆ ಕಾಲು ಚಾಚುತ್ತಿದ್ದಳು. “ಕಾವ್ಲು ನಡೀತಾ ಅದೆ. ಇನ್ನು ಮನಿಕಬೌದು,” ಎನ್ನುತ್ತಿದ್ದಳು. ಭಾನುವಿಗೆ ಮೈ ಜುಮ್ಮೆನ್ನುತ್ತಿತ್ತು. ಗಂಡನಿಗೆ ಖಡಾಖಂಡಿತ ಹೇಳಿಬಿಟ್ಟಳು: ಹೊಸ ಪೆಟ್ಟಿಗೆಗೂ ಸದ್ದು ನಿಲ್ಲದಿದ್ದರೆ ಅತ್ತೆ ಕುದೇರಿನಲ್ಲಿರುವ ತಮ್ಮ ಮಗಳು ಲಕ್ಷ್ಮಿದೇವಿಯ ಮನೆಗೆ ಹೋಗಬೇಕು. ಅವ್ವನನ್ನು ಬಿಟ್ಟಿರಲು ಶಿವಮೂರ್ತಿಗೆ ಮನಸ್ಸಿಲ್ಲ. ಹದಿನೆಂಟೂವರೆ ಸಾವಿರ ಕೊಟ್ಟದ್ದು ಅದಕ್ಕೇ.

ಪೆಟ್ಟಿಗೆ ಕೂರಿಸಲು ಚಾಮರಾಜನಗರದಿಂದ ಬಂದವನು ಶಾಂತರಾಜು.

“ಸಾರ್, ಕರೆಂಟು ಶುದ್ಧ ಆದ್ರೆ ಗುಂಯ್ ಅನ್ನೋದು ಕಮ್ಮಿಯಾಯ್ತದೆ. ದೆವ್ವ ಕಮ್ಮಿಯಾಯ್ತದೆ ಅಂತ ಗ್ಯಾರಂಟಿ ಕಾರ್ಡಲ್ಲಿ ಬರ್ದಿಲ್ಲ,” ಎಂದು ನಕ್ಕ. ಆದರೂ ಕೆಲಸದಲ್ಲಿ ಅಚ್ಚುಕಟ್ಟು. ಹಿತ್ತಿಲ ನಲ್ಲಿಯ ಪಕ್ಕ ನೆಲಕ್ಕೆ ಹೊಡೆದಿದ್ದ ಅರ್ಥಿಂಗ್ ಕಂಬಿಯನ್ನು ಉಜ್ಜಿದ. ಅದಕ್ಕೆ ಸುತ್ತಿದ್ದ ಮಣ್ಣುಮೆತ್ತಿದ ತಂತಿಯೊಂದನ್ನು ಬಿಚ್ಚಿ ಅತ್ತ ಸರಿಸಿ, ಮನೆಯ ತಂತಿಯನ್ನು ಬಿಗಿಯಾಗಿ ಕಟ್ಟಿದ. ಸಂಜೆಯವರೆಗೂ ಕಾದ.

ಸಣ್ಣಮ್ಮ ತೋಟದಿಂದ ಬಂದಳು. ಕೂತಳು. ಶಿವಮೂರ್ತಿ ಹಾಡು ಹಾಕಿದ.

ಅಪ್ಪನ ದನಿ. ಎರಡು ಸಾಲಿನ ನಡುವೆ ಅವನು ಉಗುಳು ನುಂಗಿದ್ದೂ ಕೇಳಿಸಿತು. ಅದರ ಹಿಂದೆ ಏನೂ ಇಲ್ಲ.

ಒಂದು ಪದ ಮುಗಿಯಿತು. ಎರಡು ಮುಗಿದವು. ಭಾನು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹಳೇ ಪೆಟ್ಟಿಗೆ ಒಂದ್ಸಲ ಹಾಕಿ ನೋಡನ ಸಾರ್,” ಎಂದ ಶಾಂತರಾಜು. “ಆಗ ತಾನೆ ಯಾವ್ದರಿಂದ ಏನಾಯ್ತು ಅಂತ ಗೊತ್ತಾಗೋದು?”

“ಬೇಡ!” ಭಾನು ಅಡ್ಡ ಬಂದಳು. “ಹೋದೋರ್ನ ಮತ್ತೆ ಕರೀಬೇಡಿ.”

ಶಿವಮೂರ್ತಿಯೂ ಬೇಡವೆಂದ. ಶಾಂತರಾಜು ಕೊನೆಯ ಬಸ್ಸು ಹಿಡಿದ.

ಸಣ್ಣಮ್ಮ ಮಾತ್ರ ಕಾಲು ಚಾಚಲಿಲ್ಲ. ಸ್ಪೀಕರಿಗೆ ಕಿವಿ ಕೊಟ್ಟೇ ಕೂತಿದ್ದಳು.

“ಲೋ ಮೂರ್ತಿ, ಇವತ್ತು ಕಾವ್ಲು ಇಲ್ಲ ಕಣ್ಲಾ. ತ್ವಾಟ್ದತ್ರ ಓಗಿ ನೋಡು.”

“ಕಾವಲೂ ಇಲ್ಲ, ಏನೂ ಇಲ್ಲ. ಸುಮ್ನೆ ಮಲಿಕೊ ಅವ್ವ.”

“ನಾನೇ ಓಯ್ತಿನಿ, ಟಾರ್ಚು ಕೊಡು.”

ಭಾನು ಬಾಗಿಲಿಗೆ ಚಿಲಕ ಹಾಕಿದಳು. ಸದ್ದು ಹೋದರೂ ಅತ್ತೆಗೆ ಹಿಡಿದದ್ದು ಬಿಟ್ಟಿಲ್ಲವೆಂದು ಅವಳಿಗೆ ಖಾತ್ರಿಯಾಯಿತು. ಬೆಳಗಿನ ಬಸ್ಸಿಗೆ ಕುದೇರಿಗೆ ಕಳಿಸುವುದೆಂದು ಗಂಡನನ್ನು ಒಪ್ಪಿಸಿ, ಎರಡು ಸೀರೆ ಬ್ಯಾಗಿಗೆ ತುಂಬಿದಳು. ಸಣ್ಣಮ್ಮ ಗೋಡೆಗೊರಗಿ ಕೂತೇ ಬೆಳಗು ಮಾಡಿದಳು.

ಬಸ್ಸಿಗೆ ಯಾರೂ ಹೋಗಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ತೋಟದ ತೆಂಕಣ ಮೂಲೆ ಬಯಲಾಗಿತ್ತು. ಗೊನೆ ಬಿಟ್ಟಿದ್ದ ಬಾಳೆಗಳು ಸಿಗಿದು ಬಿದ್ದಿದ್ದವು. ಮಣ್ಣಿನಲ್ಲಿ ಮೊರದಗಲ ಹೆಜ್ಜೆಗಳು, ಎರಡು ದೊಡ್ಡ ಆನೆಗಳವು, ಒಂದು ಮರಿಯದು.

“ಮಾವ ಮುನಿಸ್ಕೊಂಡ್ರು,” ಎಂದಳು ಭಾನು. ಅವಳ ತುಟಿ ಬಿಳಿಚಿಕೊಂಡಿತ್ತು. “ನಾವೇ ಓಡ್ಸುದ್ವಿ.”

ಶಿವಮೂರ್ತಿಗೂ ಹಾಗೇ ಅನ್ನಿಸಿತ್ತು.

ಮಧ್ಯಾಹ್ನ ಬೇಲಿ ಹಾಕಿದ್ದ ಲಿಂಗಯ್ಯ ಬಂದು ತೋಟವೆಲ್ಲ ಸುತ್ತಿದ. ಹಿತ್ತಿಲ ನಲ್ಲಿಯ ಬಳಿ ಬಂದು ಬೈದುಕೊಳ್ಳುತ್ತ ಏನೋ ಕಟ್ಟಿದ. ಸಂಜೆ ಸಣ್ಣಮ್ಮ ಎಂದಿನಂತೆ ಪಂಪ್‌ಮನೆಗೆ ಹೋಗಿ ಬಂದು ಕೂತಳು. ಶಿವಮೂರ್ತಿ ಹಾಡು ಹಾಕಿದ. ಅದೇ ಹೊಸ ಪೆಟ್ಟಿಗೆ.

ತಕ್.

ಭಾನು ಚೀರಿದಳು.

“ಯಾಕಮ್ಮಿ ಅಂಗ್ ಕಿರುಚ್ತಿಯೆ?” ಸಣ್ಣಮ್ಮ ಕಾಲು ಚಾಚಿದಳು. “ಈಗ್ತಾನೆ ಬೇಲಿ ಸ್ವಿಚ್ಚು ಹಾಕ್ಬುಟ್ಟು ಬಂದಿವ್ನಿ. ಬೇಲೀಲಿ ಕರೆಂಟು ಓಡುದ್ರೆ ಈ ಸ್ಪೀಕರ್‌ನಲ್ಲಿ ಬಡೀತದೆ. ದಿನಾ ಅದನ್ನ ಕೇಳ್ಕಂಡೇ ಅಲ್ವಾ ನಾ ಮನಿಕೊಳ್ಳದು?”

ಶಿವಮೂರ್ತಿ ಅವ್ವನತ್ತ ತಿರುಗಿದ. “ಅವ್ವ, ಅದು ಅಪ್ಪನ ಕೋಲು ಅಂತ...”

“ಅಂದೋರು ನೀವು. ನನ್ನ ಯಾರ್ ಕೇಳುದ್ರಿ? ಆ ಹುಡ್ಗ ನಲ್ಲಿ ತಾವು ಬೇಲಿ ತಂತಿ ಬಿಚ್ಚಿ ಬಿಸಾಕಿದ್ದನ್ನಾದ್ರೂ ಯಾರಾದ್ರೂ ಕಂಡ್ರಾ? ಅದಿಲ್ದೆ ಬೇಲಿ ಸತ್ತೋಗಿತ್ತು, ಮದ್ಯಾನ ಲಿಂಗಯ್ಯ ಕಟ್ಟುದ್ಮೇಲೆ ಎದ್ದದೆ.”

ಭಾನು ಬ್ಯಾಗಿನ ಸೀರೆಗಳನ್ನು ಸದ್ದಿಲ್ಲದೆ ಮತ್ತೆ ಬೀರುವಿಗಿಟ್ಟಳು. ಹೋದದ್ದು ಮುನ್ನೂರ ಹನ್ನೆರಡು ಬಾಳೆ ಮತ್ತು ಹದಿನೆಂಟೂವರೆ ಸಾವಿರ. ಹಾಡು ಮೊದಲು ಹೇಗಿತ್ತೋ ಹಾಗೇ ಇತ್ತು.