ಗೂಡಿಗಾಗಿ ಬಿಟ್ಟ ಗಾಳಿ

ಕೆಂಪರಾಜ್ ಬೈಕಿನ ಮುಂಚಕ್ರದ ಕುಲುಕು ತಡೆಯುವ ಗಾಳಿ ಫೋರ್ಕಿನ ತಲೆಯಲ್ಲಿದ್ದ ವಾಲ್ವನ್ನು ಉಗುರಿನಿಂದ ಒತ್ತಿದ. ಗಾಳಿ ಬುಸ್ಸೆಂದು ಹೊರಬಂತು. ಬಾಗಿಲಲ್ಲಿ ನಿಂತಿದ್ದ ಏಳು ತಿಂಗಳ ಬಸುರಿ ಹೆಂಡತಿ ನವ್ಯಶ್ರೀ, "ಏನ್ರೀ ಮಾಡ್ತಿದೀರಾ?" ಎಂದಳು.

"ಗೂಡಿನ ಮಾರ್ಕೆಟ್ಟಿಗೆ ಹೋಗ್ಬೇಕಲ್ಲ. ಗಾಳಿ ಕಮ್ಮಿ ಮಾಡಿದ್ರೆ ಗಾಡಿ ಮೆತ್ತಗೆ ಹೋಗುತ್ತೆ. ಕುಲುಕಿದ್ರೆ ಒಳಗಿನ ಹುಳ ಒಡೆದು ಗೂಡೆಲ್ಲ ಕಲೆ ಆಗುತ್ತೆ," ಎಂದ ಅವನು, ಟ್ಯಾಂಕಿನ ಮೇಲಿಟ್ಟಿದ್ದ ರೇಷ್ಮೆಗೂಡಿನ ಮೂಟೆಯನ್ನು ಸವರುತ್ತ.

ಹೋದ ತಿಂಗಳು ಕುಂದಾಣದಿಂದ ದೇವನಹಳ್ಳಿ ಆಸ್ಪತ್ರೆಗೆ ಇದೇ ಬೈಕಿನಲ್ಲಿ ಹೋಗುವಾಗ, ಪ್ರತಿ ಹಂಪ್ಸಿಗೂ ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು. ಇದನ್ನು ಸ್ವಲ್ಪ ಮೆತ್ತಗೆ ಮಾಡಿಸಬಾರದೇ ಎಂದು ಕೇಳಿದ್ದಕ್ಕೆ, "ಈ ಗಾಡಿ ಇರೋದೇ ಹಂಗೆ, ಏನೂ ಮಾಡಕ್ಕಾಗಲ್ಲ. ಇನ್ನೆರಡು ಹಂಪ್ಸು, ತಡ್ಕೊ," ಎಂದಿದ್ದ. ಆಗಲೂ ಫೋರ್ಕಿನ ಗಾಳಿ ಬಿಡಲು ಒಂದು ಉಗುರು ಸಾಕಿತ್ತು; ಮತ್ತೆ ತುಂಬುವ ಕೈಪಂಪೂ ಸೀಟಿನ ಕೆಳಗೇ ಇತ್ತು.

ನವ್ಯಶ್ರೀ ಮೆಟ್ಟಿಲಿಳಿದು ಬಂದಳು. ಸೀಟಿನ ಕೆಳಗಿಂದ ಆ ಪಂಪನ್ನು ಎಳೆದುಕೊಂಡು ವಾಲ್ವಿಗೆ ಸಿಕ್ಕಿಸಿ, ಹಲ್ಲು ಕಚ್ಚಿ ಹೊಡೆಯತೊಡಗಿದಳು. ಕುಗ್ಗಿದ್ದ ಬೈಕಿನ ಮೂತಿ ಮತ್ತೆ ಮೇಲೆದ್ದಿತು.

"ಏಯ್, ಬಿಡೇ. ಗೂಡು ಹಾಳಾಗುತ್ತೆ ಕಣೇ."

ಪಂಪಿನ ಮೀಟರಿನ ಮುಳ್ಳು ಹಳೆಯ ಜಾಗಕ್ಕೆ ಬರುವವರೆಗೂ ಅವಳು ನಿಲ್ಲಿಸಲಿಲ್ಲ. ಆಮೇಲೆ ಪಂಪನ್ನು ಅಂಗಳಕ್ಕೆ ಬಿಸಾಡಿ, ಮೂಟೆಯ ಮೇಲೆ ಕೈಯಿಟ್ಟು, ಗಂಡನ ಮುಖವನ್ನೇ ನೋಡುತ್ತ ಗೂಡಿಗೆ ಹೇಳಿದಳು:

"ಇನ್ನೆರಡು ಹಂಪ್ಸು. ತಡ್ಕೊ."